ಬಾಡಿಗೆ ಮನೆಯ ತಾರಸಿಗೆ ಮಾಲೀಕರು ಬೀಗ ಹಾಕಿದ್ದಾರೆ, ಬಾಡಿಗೆಯನ್ನು ಮಾತ್ರ ಪೂರ್ತಿ ಕೇಳುತ್ತಿದ್ದಾರೆ

ಸಂಡಿಗೆ ಮನೆ · ಮಾರ್ಚ್ 2, 2026

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ತ್ಯಾಗರಾಜನಗರದಲ್ಲಿ 30×40 ನಿವೇಶನದ ಒಂದು ಹಳೆಯ ಮನೆಯಿದೆ. ಅದರ ಮೊದಲ ಮಹಡಿಯಲ್ಲಿ ನಾನು, ನನ್ನ ಮಗಳು ಒಂಬತ್ತು ವರ್ಷಗಳಿಂದ ಬಾಡಿಗೆಗೆ ಇದ್ದೇವೆ. ಬಾಡಿಗೆ ಈಗ 16,000 ರೂಪಾಯಿ, ಮುಂಗಡ ಒಂದು ಲಕ್ಷ. ಇಷ್ಟು ವರ್ಷಗಳಲ್ಲಿ ಒಂದು ತಿಂಗಳೂ ಐದನೆಯ ತಾರೀಖು ದಾಟಿಸಿದವಳಲ್ಲ.

ನಾನು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಮಾಡಿ ಮಾರುತ್ತೇನೆ. ಗಾಂಧಿಬಜಾರಿನ ಎರಡು ಅಂಗಡಿಗಳಿಗೂ ಪರಿಚಯದ ಮೂವತ್ತು ನಲವತ್ತು ಮನೆಗಳಿಗೂ ವರ್ಷವಿಡೀ ಕೊಡುತ್ತೇನೆ. ವರ್ಷವಿಡೀ ಮಾರುವುದನ್ನೆಲ್ಲ ಮಾಡುವುದು ಶಿವರಾತ್ರಿಯಿಂದ ಮೇ ತಿಂಗಳವರೆಗೆ, ಮೂರು ತಿಂಗಳಲ್ಲಿ. ಆ ಮೂರು ತಿಂಗಳ ಬಿಸಿಲು ನನಗೆ ಬೇಕೇ ಬೇಕು. ನಾಲ್ಕು ಗಂಟೆಗೆ ಎದ್ದು ಹಿಟ್ಟು ಕಾಯಿಸಿದರೆ ಏಳು ಗಂಟೆಯೊಳಗೆ ಒದ್ದೆ ಬಟ್ಟೆಯ ಮೇಲೆ ಇಟ್ಟು ಮುಗಿಸಬೇಕು. ಬಿಸಿಲು ಏರಿದ ಮೇಲೆ ಇಟ್ಟರೆ ಸಂಡಿಗೆ ಅಂಚಿನಲ್ಲಿ ಒಡೆಯುತ್ತದೆ. ಸಂಜೆ ಬಟ್ಟೆಯನ್ನು ತಿರುವಿ ಹಾಕಿ ಹಿಂದಿನಿಂದ ನೀರು ಚಿಮುಕಿಸಿ ಒಂದೊಂದಾಗಿ ಬಿಡಿಸಬೇಕು. ಮರುದಿನ ಮತ್ತೊಂದು ಬಿಸಿಲು ಕಾಣಿಸಬೇಕು. ಇದು ಬಾಲ್ಕನಿಯಲ್ಲಿ ಆಗುವ ಕೆಲಸವಲ್ಲ.

ಅದಕ್ಕಾಗಿಯೇ ಈ ಮನೆಯನ್ನು ಹಿಡಿದದ್ದು. 2017ರಲ್ಲಿ ಮನೆ ತೋರಿಸಿದಾಗ ಹಿರಿಯ ಯಜಮಾನರು ಅಡುಗೆ ಮನೆಗೂ ಮೊದಲು ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಸುತ್ತ ಎತ್ತರದ ಕಟ್ಟಡಗಳಿರಲಿಲ್ಲ. ಪೂರ್ವಕ್ಕೆ ಪಾರ್ಕಿನ ಮರಗಳು, ಅಷ್ಟೇ. "ಬೆಳಗಿನಿಂದ ಸಂಜೆವರೆಗೂ ಬಿಸಿಲು ಬೀಳುತ್ತದಮ್ಮ, ನಿನಗೆ ಹೇಳಿ ಮಾಡಿಸಿದ ಜಾಗ" ಎಂದರು. ಅದೇ ಬೀದಿಯಲ್ಲಿ ಸಾವಿರ ರೂಪಾಯಿ ಕಡಿಮೆಗೆ ಬೇರೊಂದು ಮನೆಯಿತ್ತು. ತಾರಸಿಗಾಗಿ ಆ ಸಾವಿರ ರೂಪಾಯಿಯನ್ನು ಹೆಚ್ಚಿಗೆ ಕೊಡಲು ಒಪ್ಪಿದೆ.

ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು. ಈಗ ಎಲ್ಲವನ್ನೂ ನೋಡಿಕೊಳ್ಳುವವರು ಅವರ ಮಗ. ಜನವರಿಯಲ್ಲಿ ತಾರಸಿಯ ಪಶ್ಚಿಮದ ಅರ್ಧಕ್ಕೆ ಇಟ್ಟಿಗೆ ಗೋಡೆ ಕಟ್ಟಿ ಮೇಲೆ ಶೀಟು ಹೊದಿಸಿ ಒಂದು ಕೋಣೆ ಮಾಡಿಸಿದರು. ಧೂಳು, ಸದ್ದು ಎಲ್ಲವನ್ನೂ ಸಹಿಸಿಕೊಂಡೆ. ಅವರ ಮನೆ, ಕಟ್ಟಿಸಿಕೊಳ್ಳಲಿ ಎಂದುಕೊಂಡೆ. ಫೆಬ್ರವರಿ 23ರಂದು ಸೋಮವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋದರೆ ತಾರಸಿಯ ಬಾಗಿಲಿಗೆ ಹೊಸ ಬೀಗ. ಆ ಕೋಣೆಯನ್ನು ಇಬ್ಬರು ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾರಂತೆ, ತಾರಸಿ ಇನ್ನು ಅವರದಂತೆ.

ಬಾಗಿಲಿನ ಆ ಕಡೆ ನನ್ನ ಎಂಟು ಕಿಲೋ ಮೆಣಸಿನಕಾಯಿ ಇತ್ತು. ಬಾಳಕ ಮಾಡುವವರಿಗೆ ಗೊತ್ತಿರುತ್ತದೆ. ಸೀಳಿದ ಮೆಣಸಿನಕಾಯಿಯನ್ನು ರಾತ್ರಿ ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಬೇಕು, ಹಗಲು ಒಣಗಿಸಬೇಕು, ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆ ಪೂರ್ತಿ ಹೀರಿಕೊಳ್ಳುವವರೆಗೆ ಒಂದು ದಿನವೂ ತಪ್ಪಬಾರದು. ನನ್ನದು ಮೂರನೆಯ ದಿನದಲ್ಲಿತ್ತು. ಹಿಂದಿನ ಸಂಜೆ ಮಗಳಿಗೆ ಜ್ವರವಿದ್ದುದರಿಂದ ಮೊರಗಳನ್ನು ಕೆಳಗೆ ತರದೆ ತಾರಸಿಯ ಮೂಲೆಯ ಸಜ್ಜೆಯ ಕೆಳಗೇ ಇಟ್ಟು, ಬೆಳಿಗ್ಗೆ ಬೇಗ ಹರಡೋಣ ಎಂದುಕೊಂಡಿದ್ದೆ. ಬೀಗ ತೆಗೆಸಿ ಮೊರಗಳನ್ನು ಕೆಳಗೆ ತರಲು ಗುರುವಾರವಾಯಿತು. ತೊಟ್ಟಿನ ಸುತ್ತ ಬೂದು ಬಣ್ಣದ ಬೂಷ್ಟು ಬಂದಿತ್ತು. ಒಂದನ್ನು ಬಿಡಿಸಿ ಮೂಗಿನ ಹತ್ತಿರ ಹಿಡಿದೆ, ಮುಗ್ಗಲು ವಾಸನೆ. ಅಷ್ಟನ್ನೂ ಕಸಕ್ಕೆ ಹಾಕಿದೆ.

ಮಗನನ್ನು ಕೇಳಿದರೆ, "ಬಾಡಿಗೆ ಮನೆಗೆ. ತಾರಸಿಯನ್ನು ಅಪ್ಪ ವಿಶ್ವಾಸಕ್ಕೆ ಬಿಟ್ಟಿದ್ದರು" ಎನ್ನುತ್ತಾರೆ. ಬಾಡಿಗೆ ಕಡಿಮೆ ಮಾಡಿ ಎಂದೆ. "ಒಳಗಿನ ಒಂದು ಕೋಣೆಯೂ ಕಡಿಮೆಯಾಗಿಲ್ಲವಲ್ಲ" ಎಂದರು.

ನನ್ನ ಪ್ರಶ್ನೆ ಇಷ್ಟೇ. ಕೊಟ್ಟದ್ದರಲ್ಲಿ ಒಂದು ಭಾಗವನ್ನು ಕಿತ್ತುಕೊಂಡ ಮೇಲೂ ಪೂರ್ತಿ ಬಾಡಿಗೆ ಕೇಳುವ ಹಕ್ಕು ಅವರಿಗೆ ಇದೆಯೇ? ನಾನೇ ಲೆಕ್ಕ ಹಾಕಿ ಕಡಿಮೆ ಕೊಡಬಹುದೇ? ತಾರಸಿಯನ್ನು ಮರಳಿ ಪಡೆಯಲು ದಾರಿ ಇದೆಯೇ? ಯುಗಾದಿ 19ಕ್ಕೆ ಬಂತು. ಒಂದೊಂದು ದಿನ ಹೋದಂತೆ ಒಂದೊಂದು ದಿನದ ಬಿಸಿಲು ಹೋಗುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

---

ನೇರ ಮಾತು · ಮಾರ್ಚ್ 2

ಅಕ್ಕ, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಬಾಡಿಗೆ ಕೊಡುವುದನ್ನು ಇಂದೇ ನಿಲ್ಲಿಸಿ. ಒಂದು ಲಕ್ಷ ಮುಂಗಡ ಅವರ ಕೈಯಲ್ಲಿದೆಯಲ್ಲ, ಅದರಲ್ಲಿ ಮುರಿದುಕೊಳ್ಳಲಿ. ಆರು ತಿಂಗಳು ಹಾಯಾಗಿ ಇರಿ, ಅಷ್ಟರಲ್ಲಿ ಬೇರೆ ಮನೆ ನೋಡಿ. ಕೇಂದ್ರ ಸರ್ಕಾರದ ಹೊಸ ಬಾಡಿಗೆ ಕಾಯ್ದೆಯ ಪ್ರಕಾರ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಇಟ್ಟುಕೊಳ್ಳುವುದೇ ತಪ್ಪು. ಹೆದರಬೇಡಿ.

---

ಸಿವಿಲ್ ವಕೀಲ · ಮಾರ್ಚ್ 3

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಬಾಡಿಗೆ ಪೂರ್ತಿ ನಿಲ್ಲಿಸಿದ ದಿನವೇ ಮೊಕದ್ದಮೆಯಲ್ಲಿ ತಪ್ಪಿತಸ್ಥರು ಅದಲುಬದಲಾಗುತ್ತಾರೆ. ಇಂದು ನೀವು ನೊಂದವರು, ನಾಳೆ ನೀವು ಬಾಕಿದಾರರು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು ಮಾದರಿ ಕಾಯ್ದೆಯನ್ನು. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಹಾಗಾದರೆ ಯಾವ ಕಾನೂನು? 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ನೆರವಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯವಾಗುವುದಿಲ್ಲ. ಇಂದು ಆ ಮಿತಿಯೊಳಗೆ ಬರುವ ಮನೆ ಎಷ್ಟಿವೆ? ನಿಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108(ಸಿ) ಕಲಮು ಹೇಳುವುದು ಇದನ್ನು: ಬಾಡಿಗೆದಾರ ಬಾಡಿಗೆ ಕೊಡುತ್ತಾ ಕರಾರಿಗೆ ಬದ್ಧನಾಗಿರುವವರೆಗೆ, ಬಾಡಿಗೆಗೆ ಪಡೆದ ಸ್ವತ್ತನ್ನು ಅಡ್ಡಿಯಿಲ್ಲದೆ ಅನುಭವಿಸಬಹುದು ಎಂದು ಮಾಲೀಕನು ಮಾತು ಕೊಟ್ಟಂತೆಯೇ ಲೆಕ್ಕ. ಕರಾರಿನಲ್ಲಿ ಬರೆಯದಿದ್ದರೂ ಈ ಮಾತು ಇದ್ದೇ ಇರುತ್ತದೆ. ತಂದೆಯ ಜಾಗಕ್ಕೆ ಬಂದ ಮಗನಿಗೆ ಬಾಡಿಗೆಯ ಹಕ್ಕಿನ ಜೊತೆಗೆ ಈ ಹೊಣೆಯೂ ಬರುತ್ತದೆ.

ಬಾಡಿಗೆ ಎಷ್ಟು ಕೊಡಬೇಕು ಎಂಬುದಕ್ಕೆ ಸುಪ್ರೀಂ ಕೋರ್ಟಿನ 1966ರ ತೀರ್ಪೊಂದಿದೆ, ವಕೀಲರ ಬಾಯಲ್ಲಿ ಸ್ಟೀಫನ್ ಕೋರ್ಟ್ ಪ್ರಕರಣ. ಕಲ್ಕತ್ತೆಯ ಫ್ಲ್ಯಾಟು. ಬಾಡಿಗೆಗೆ ಕೊಟ್ಟಿದ್ದರಲ್ಲಿ ಒಂದು ಮಲಗುವ ಕೋಣೆಯನ್ನು ಮಾಲೀಕರು ಬಾಡಿಗೆದಾರರ ವಶಕ್ಕೆ ಒಪ್ಪಿಸಿರಲಿಲ್ಲ. ಬಾಡಿಗೆದಾರರ ವಾದ, ಕೊಟ್ಟ ಮಾತು ಪೂರ್ತಿಯಾಗದ ಮೇಲೆ ಬಾಡಿಗೆಯೇ ಇಲ್ಲ ಎಂದು. ಕೋರ್ಟು ಒಪ್ಪಲಿಲ್ಲ. ಹೆಚ್ಚಿನ ಭಾಗವನ್ನು ಅನುಭವಿಸುತ್ತಾ ಏನನ್ನೂ ಕೊಡದಿರುವುದು ನ್ಯಾಯವಲ್ಲ, ಸಿಕ್ಕ ಭಾಗಕ್ಕೆ ತಕ್ಕ ಪ್ರಮಾಣದ ಬಾಡಿಗೆ ಕೊಡಬೇಕು ಎಂದಿತು. ಪ್ರತಿಯೊಂದು ಪ್ರಕರಣವನ್ನೂ ಅದರದರ ಸಂಗತಿಗಳ ಮೇಲೆ ನೋಡಬೇಕು ಎಂದೂ ಹೇಳಿತು. ನೀವು ಹಿಡಿಯಬೇಕಾದ ದಾರಿ ಅದು: ಪೂರ್ತಿಯೂ ಅಲ್ಲ, ಸೊನ್ನೆಯೂ ಅಲ್ಲ, ಪ್ರಮಾಣ.

ಆದರೆ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ತಾರಸಿ ನಿಮ್ಮ ಬಾಡಿಗೆಯ ಭಾಗವೇ, ಅಥವಾ ಮಾಲೀಕರ ಅನುಮತಿಯೇ? ಅನುಮತಿ ಎಂದರೆ ನಮ್ಮ ಭಾಷೆಯಲ್ಲಿ ಲೈಸೆನ್ಸ್. ಅದನ್ನು ಕೊಟ್ಟವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು. ಮಗ "ವಿಶ್ವಾಸಕ್ಕೆ ಬಿಟ್ಟಿದ್ದರು" ಎನ್ನುವುದು ಸುಮ್ಮನೆ ಅಲ್ಲ. ಅವರಿಗೆ ಯಾರೋ ಹೇಳಿಕೊಟ್ಟಿದ್ದಾರೆ.

ಕರಾರು ಪತ್ರವನ್ನು ತೆಗೆದು "ಷೆಡ್ಯೂಲ್ ಸ್ವತ್ತು" ಎಂಬ ಭಾಗದಲ್ಲಿ ಏನಿದೆ ಎಂದು ಅಕ್ಷರಶಃ ಇಲ್ಲಿ ಬರೆಯಿರಿ. ಹೆಸರು, ವಿಳಾಸ ಬೇಡ. ಬೀಗ ಹಾಕಿದ ದಿನಾಂಕವನ್ನೂ ಗುರುತಿಟ್ಟುಕೊಳ್ಳಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ, ಕಾನೂನಿನ ದಾರಿ ಹಿಡಿಯದೆ ಸ್ವಾಧೀನ ತಪ್ಪಿಸಿದವರ ಮೇಲೆ ದಾವೆ ಹೂಡಲು ಆರೇ ತಿಂಗಳ ಅವಕಾಶ. ಆಗಸ್ಟ್ 23ನ್ನು ದಾಟಿಸಬೇಡಿ.

---

ಸಂಡಿಗೆ ಮನೆ · ಮಾರ್ಚ್ 3, ರಾತ್ರಿ

ವಕೀಲರಿಗೆ ಕೈ ಮುಗಿಯುತ್ತೇನೆ. ಸಂಜೆಯೆಲ್ಲ ಟ್ರಂಕು ತೆಗೆದು ಹುಡುಕಿದೆ. ಎರಡು ಕರಾರು ಪತ್ರಗಳು ಸಿಕ್ಕವು.

2017ರದನ್ನು ಯಜಮಾನರೇ ಕೂತು ಬರೆಸಿದ್ದು. ಅದರಲ್ಲಿ ಹೀಗಿದೆ: "ಮೊದಲ ಮಹಡಿಯಲ್ಲಿನ ಎರಡು ಕೋಣೆ, ಹಜಾರ, ಅಡುಗೆ ಮನೆ, ಸ್ನಾನದ ಮನೆ, ಹಿಂಭಾಗದ ಬಟ್ಟೆ ಒಗೆಯುವ ಜಾಗ ಹಾಗೂ ಮೇಲಿನ ತಾರಸಿಯ ಬಳಕೆ ಸಹಿತ." ಓದುತ್ತಾ ಓದುತ್ತಾ ನನಗೆ ಅವರ ದನಿಯೇ ಕೇಳಿಸಿದಂತಾಯಿತು.

2023ರದನ್ನು ಮಗ ಟೈಪ್ ಮಾಡಿಸಿಕೊಂಡು ಬಂದದ್ದು. ನಾನು ಬಾಡಿಗೆಯ ಮೊತ್ತವನ್ನಷ್ಟೇ ನೋಡಿ ಸಹಿ ಮಾಡಿದೆ. ಅದರಲ್ಲಿ ತಾರಸಿ ಎಂಬ ಪದವೇ ಇಲ್ಲ. "ಮೊದಲ ಮಹಡಿಯ ವಾಸದ ಮನೆ, ಅದಕ್ಕೆ ಸೇರಿದ ಎಲ್ಲ ಸೌಕರ್ಯಗಳೊಂದಿಗೆ" ಎಂದಷ್ಟೇ ಇದೆ. ಹನ್ನೊಂದು ತಿಂಗಳ ಕರಾರು. ಆಮೇಲೆ ಹೊಸದನ್ನು ಮಾಡಿಸಲೇ ಇಲ್ಲ. ಬಾಡಿಗೆ ಬ್ಯಾಂಕಿಗೆ ಹೋಗುತ್ತಿದೆ, ಅವರು ತೆಗೆದುಕೊಳ್ಳುತ್ತಿದ್ದಾರೆ.

ಇನ್ನೊಂದು ಸಂಗತಿ. ಮಗಳು ನನ್ನ ಮೊಬೈಲಿನಲ್ಲಿ ಹಳೆಯ ಸಂದೇಶಗಳನ್ನು ನೋಡುತ್ತಾ ಕಳೆದ ವರ್ಷದ ಏಪ್ರಿಲಿನ ಒಂದನ್ನು ತೋರಿಸಿದಳು. ಕಳಿಸಿದವರು ಇದೇ ಮಗ. "ನಾಳೆ ಟ್ಯಾಂಕ್ ತೊಳೆಯುವವರು ಬರುತ್ತಾರೆ. ನಿಮ್ಮ ತಾರಸಿಯಲ್ಲಿ ಒಣಹಾಕಿದ್ದನ್ನು ದಯವಿಟ್ಟು ತೆಗೆದಿಡಿ."

ನಿಮ್ಮ ತಾರಸಿ ಎಂದು ಅವರೇ ಬರೆದಿದ್ದಾರೆ. ಇದರಿಂದ ಏನಾದರೂ ಆಗುತ್ತದೆಯೇ?

---

ಸಿವಿಲ್ ವಕೀಲ · ಮಾರ್ಚ್ 4

ಆಗುತ್ತದೆ. ಆ ಸಂದೇಶವನ್ನು ಅಳಿಸಬೇಡಿ, ಮೊಬೈಲನ್ನೂ ಬದಲಿಸಬೇಡಿ. 2017ರ ಪತ್ರದಲ್ಲಿ ತಾರಸಿಯ ಹೆಸರಿದೆ, ಒಂಬತ್ತು ವರ್ಷ ನೀವು ಅದನ್ನು ಬಳಸಿದ್ದೀರಿ, 2023ರ ಪತ್ರದಲ್ಲಿ "ಸೇರಿದ ಎಲ್ಲ ಸೌಕರ್ಯ" ಎಂದಿದೆ, ಮಾಲೀಕರೇ "ನಿಮ್ಮ ತಾರಸಿ" ಎಂದಿದ್ದಾರೆ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಅದು ಬರೀ ವಿಶ್ವಾಸ ಎನ್ನುವುದು ಅವರಿಗೆ ಕಷ್ಟ. ಆದರೂ ಎರಡನೆಯ ಪತ್ರದಲ್ಲಿ ಪದ ಬಿಟ್ಟುಹೋಗಿದೆ. ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ. ಟ್ಯಾಂಕಿಗಾಗಿ ಅವರೂ ತಾರಸಿಗೆ ಬರುತ್ತಿದ್ದುದರಿಂದ ಅದು ನಿಮ್ಮೊಬ್ಬರದೇ ಸ್ವಾಧೀನದಲ್ಲಿರಲಿಲ್ಲ ಎಂದೂ ವಾದಿಸಬಹುದು. ಹಾಗಾಗಿ 6ನೆಯ ಕಲಮೊಂದನ್ನೇ ನೆಚ್ಚದೆ, ಬೀಗ ತೆಗೆಸುವ ಆಜ್ಞೆ ಕೋರುವುದು ಮೇಲು.

ಒಂದು ಅಪಾಯವನ್ನು ಮುಚ್ಚಿಡಬಾರದು. ಅವಧಿ ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಿರುವುದರಿಂದ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಹದಿನೈದು ದಿನಗಳ ನೋಟಿಸ್ ಕೊಟ್ಟು ಅದನ್ನು ಕೊನೆಗೊಳಿಸಲು ಮಾಲೀಕರಿಗೆ ಹಕ್ಕಿದೆ. ನೋಟಿಸ್ ಬಂದ ಮಾತ್ರಕ್ಕೆ ಮನೆ ಬಿಡಬೇಕಾಗಿಲ್ಲ, ಕೋರ್ಟಿನ ಆದೇಶವಿಲ್ಲದೆ ಸಾಮಾನು ಹೊರಗಿಡುವಂತಿಲ್ಲ. ಆದರೆ ಜಗಳ ಅಲ್ಲಿಯವರೆಗೆ ಹೋಗಬಹುದು ಎಂಬುದು ತಿಳಿದಿರಲಿ.

ಕೋರ್ಟಿಗೆ ಮುಂಚೆ ಒಂದು ಬಾಗಿಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸುತ್ತಾರೆ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ. ಸಹಾಯವಾಣಿ 15100.

---

ಮೈಸೂರು ಮನೆ · ಮಾರ್ಚ್ 4

ನಾನು ಮಾಲೀಕರ ಸಾಲಿನವನು. ಮೈಸೂರಿನಲ್ಲಿ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ತಾರಸಿಯೊಂದಿಗೆ ನನಗೂ ಕಷ್ಟಗಳಿವೆ. ಸೋಲಾರ್ ಹೀಟರ್ ಸರಿಪಡಿಸಲು ಜನರನ್ನು ಕರೆದುಕೊಂಡು ಹೋದರೆ ಬಾಡಿಗೆದಾರರು ಮುಖ ಸಿಂಡರಿಸುತ್ತಾರೆ. ಒಮ್ಮೆ ಯಾರೋ ಇಟ್ಟ ಮಣ್ಣಿನ ಕುಂಡಗಳಿಂದ ನೀರು ಇಳಿದು ಚಾವಣಿ ತೇವವಾಗಿ ನಲವತ್ತು ಸಾವಿರ ಖರ್ಚಾಯಿತು. ಹಾಗಿದ್ದೂ ಈ ತಾಯಿಯ ವಿಷಯದಲ್ಲಿ ಮಾಲೀಕರು ಮಾಡಿದ್ದು ತಪ್ಪು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬೇಕಾದರೆ ಮೊದಲು ಕೂತು ಮಾತಾಡಬೇಕು. ಬೆಳಿಗ್ಗೆ ಎದ್ದು ಬೀಗ ಜಡಿಯುವುದಲ್ಲ.

ಲೆಕ್ಕದ ಬಗ್ಗೆ ಒಂದು ಮಾತು. ಮಾತಿಗೆ ಕೂತಾಗ ಚದರ ಅಡಿಯ ಲೆಕ್ಕ ಹಿಡಿಯಬೇಡಿ. ತಾರಸಿಯ ವಿಸ್ತೀರ್ಣ ಹೆಚ್ಚು ಕಡಿಮೆ ಮನೆಯಷ್ಟೇ ಇರುತ್ತದೆ, ಹಾಗೆಂದು ಅರ್ಧ ಬಾಡಿಗೆ ಕಡಿಮೆ ಮಾಡಿ ಎಂದರೆ ಯಾವ ಮಾಲೀಕನೂ ಕಿವಿಗೊಡುವುದಿಲ್ಲ. ನಿಮ್ಮದೇ ಬೀದಿಯಲ್ಲಿ ತಾರಸಿಯಿಲ್ಲದ ಅಷ್ಟೇ ದೊಡ್ಡ ಮನೆಗೆ ಈಗ ಎಷ್ಟು ಬಾಡಿಗೆ ನಡೆಯುತ್ತಿದೆ ಎಂದು ಮೂರು ಕಡೆ ವಿಚಾರಿಸಿ. ನಿಮ್ಮ 16,000ಕ್ಕೂ ಅದಕ್ಕೂ ಇರುವ ವ್ಯತ್ಯಾಸವೇ ತಾರಸಿಯ ಬೆಲೆ. ಆ ಅಂಕಿಗೆ ಮಾಲೀಕರೂ ಎದುರಾಡಲಾರರು, ಅವರಿಗೂ ಬೀದಿಯ ದರ ಗೊತ್ತಿರುತ್ತದೆ. ಆ ಹೊಸ ಕೋಣೆಯಿಂದ ಅವರಿಗೆ ಬಾಡಿಗೆ ಬರುತ್ತಿದೆ ಎಂಬುದನ್ನೂ ಮೆಲ್ಲಗೆ ನೆನಪಿಸಿ. ಒಂದೇ ಜಾಗಕ್ಕೆ ಎರಡು ಕಡೆಯಿಂದ ಬಾಡಿಗೆ ತೆಗೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

---

ಶಿರಸಿಯ ಮೇಷ್ಟ್ರು · ಮಾರ್ಚ್ 5

ನನ್ನ ಕಥೆ ಸ್ವಲ್ಪ ಬೇರೆ. ನಮ್ಮಿಂದ ಕೋಣೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಮಳೆ ಕಿತ್ತುಕೊಂಡಿತು. ಹಂಚಿನ ಮನೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು. ಆ ವರ್ಷ ಮಾಲೀಕರು ಮುಂದೂಡುತ್ತಾ ಹೋದರು. ಜೂನ್ ಮೂರನೆಯ ವಾರದಲ್ಲಿ ಹಿಂದಿನ ಕೋಣೆಯಲ್ಲಿ ಐದು ಕಡೆ ಸೋರಿಕೆ ಶುರುವಾಯಿತು. ಬಕೆಟ್, ಪಾತ್ರೆ, ಕೊನೆಗೆ ಮಕ್ಕಳ ಸ್ನಾನದ ಟಬ್ಬು. ಇಬ್ಬರು ಮಕ್ಕಳೂ ಮಳೆಗಾಲವಿಡೀ ನಮ್ಮೊಂದಿಗೆ ಹಜಾರದಲ್ಲೇ ಮಲಗಿದರು. ದೊಡ್ಡವಳ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಬಾಡಿಗೆ ಮಾತ್ರ ಪೂರ್ತಿ ಕೊಟ್ಟೆ, ಬಾಯಿ ತೆರೆಯದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಬೇಸರ.

ಮರುವರ್ಷ ಸುಮ್ಮನಿರಲಿಲ್ಲ. ಏಪ್ರಿಲಿನಲ್ಲೇ ಪತ್ರ ಬರೆದೆ. ದುರಸ್ತಿ ಮಾಲೀಕರ ಹೊಣೆ ಎಂದು ಕರಾರಿನಲ್ಲಿದೆ, ಮೇ 15ರೊಳಗೆ ಮಾಡಿಸದಿದ್ದರೆ ನಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದು. 108ನೆಯ ಕಲಮಿನಲ್ಲೇ ಇದಕ್ಕೂ ಅವಕಾಶವಿದೆ ಎಂದು ಪರಿಚಯದ ವಕೀಲರು ಹೇಳಿದ್ದರು. ಆದರೆ ಮಾಲೀಕರು ಮಾಡಿಸಬೇಕಾದ ದುರಸ್ತಿಗೆ ಮಾತ್ರ, ಅದೂ ತಿಳಿಸಿ, ಸಾಕಷ್ಟು ಸಮಯ ಕೊಟ್ಟ ಮೇಲೆ. ಹಂಚಿನ, ರೀಪಿನ, ಕೂಲಿಯ ರಸೀದಿಗಳನ್ನೆಲ್ಲ ಜೋಡಿಸಿ ಕೊಟ್ಟೆ. ಅವರು ಗೊಣಗಿದರು, ಒಪ್ಪಿದರು.

ಸಂಡಿಗೆ ಮನೆಯವರೇ, ಬಾಯಿ ಮಾತನ್ನು ನಂಬಬೇಡಿ, ಪತ್ರ ಬರೆಯಿರಿ. ನೋಂದಾಯಿತ ಅಂಚೆ ಕಳೆದ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ನೋಂದಣಿಯೊಂದಿಗೆ ಸ್ಪೀಡ್ ಪೋಸ್ಟ್ ಎಂದು ಕೇಳಿ ಕಳಿಸಿ, ರಸೀದಿಯನ್ನು ಇಟ್ಟುಕೊಳ್ಳಿ.

---

ಸಂಡಿಗೆ ಮನೆ · ಮಾರ್ಚ್ 24

ಇಷ್ಟು ದಿನ ಇಲ್ಲಿಗೆ ಬರಲಾಗಲಿಲ್ಲ, ಕ್ಷಮಿಸಿ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ಮಾರ್ಚ್ ತಿಂಗಳ ಬಾಡಿಗೆಯನ್ನು ಐದರಂದು ಪೂರ್ತಿ ಹಾಕಿದೆ. "ತಾರಸಿಯ ಬಗ್ಗೆ ನನ್ನ ತಕರಾರನ್ನು ಉಳಿಸಿಕೊಂಡು" ಎಂದು ಸಂದೇಶವನ್ನೂ ಕಳಿಸಿದೆ. ಬೀದಿಯಲ್ಲಿ ವಿಚಾರಿಸಿದೆ. ನಮ್ಮಷ್ಟೇ ದೊಡ್ಡ ಮೂರು ಮನೆಗಳು, ತಾರಸಿಯಿಲ್ಲ, 13,500ರಿಂದ 14,000. ಮರುದಿನ ಕೂತು ಪತ್ರ ಬರೆದೆ. ಮಗಳು ಟೈಪ್ ಮಾಡುತ್ತೇನೆ ಎಂದಳು, ನಾನು ಕೈಯಲ್ಲೇ ಬರೆದೆ. ಎರಡು ಪುಟ. ಎರಡು ಕರಾರುಗಳ ಸಾಲುಗಳು, ಸಂದೇಶದ ಪ್ರತಿ, ಬೀದಿಯ ದರ, ಹಾಳಾದ ಮೆಣಸಿನಕಾಯಿಯ ಚಿತ್ರ. ಒಂದೂ ಕಟು ಮಾತು ಬರೆಯಲಿಲ್ಲ. ತಾರಸಿಯನ್ನು ಬಿಟ್ಟುಕೊಡಿ, ಇಲ್ಲವಾದರೆ ಬಾಡಿಗೆಯಲ್ಲಿ ಎರಡು ಸಾವಿರ ಕಡಿಮೆ ಮಾಡಿ, ಹದಿನೈದು ದಿನಗಳೊಳಗೆ ಉತ್ತರ ಬರದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡುತ್ತೇನೆ ಎಂದಷ್ಟೇ.

ಪತ್ರ ತಲುಪಿದ ದಿನ ಮಗ ಫೋನ್ ಮಾಡಿ ಕೂಗಾಡಿದರು. "ಕೆಳಗೆ ಮೇಲೆ ಇರುವವರು ಅಂಚೆಯಲ್ಲಿ ಪತ್ರ ಕಳಿಸುವುದೇ?" ಎಂದರು. ನಾನು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಅವರ ತಾಯಿ ನನ್ನನ್ನು ಕೆಳಗೆ ಕರೆಸಿದರು. ಎಪ್ಪತ್ತೆಂಟು ವರ್ಷ, ಮಂಡಿ ನೋವು, ಮೆಟ್ಟಿಲು ಹತ್ತುವುದಿಲ್ಲ. ಅವರ ಮುಂದೆ ಟೀಪಾಯಿಯ ಮೇಲೆ ನನ್ನ ಪತ್ರವಿತ್ತು. 2017ರ ಕರಾರಿನ ಪ್ರತಿಯ ಮೇಲೆ ಗಂಡನ ಸಹಿಯಿರುವ ಜಾಗದಲ್ಲಿ ಬೆರಳಿಟ್ಟು ಮಗನಿಗೆ ಹೇಳಿದರು, "ಇದು ಅವರ ಅಕ್ಷರ. ಅವರು ಬರೆದು ಕೊಟ್ಟದ್ದು ವಿಶ್ವಾಸಕ್ಕಲ್ಲ, ಬಾಡಿಗೆಗೆ." ನನ್ನ ಕಣ್ಣು ತುಂಬಿ ಬಂತು. ಒಂಬತ್ತು ವರ್ಷ ಆ ತಾಯಿಗೆ ಪ್ರತಿ ಬೇಸಿಗೆಯಲ್ಲೂ ಮೊದಲ ಹದದ ಅರಳು ಸಂಡಿಗೆಯನ್ನು ಕೊಟ್ಟಿದ್ದೇನೆ. ಈ ವರ್ಷ ಕೊಟ್ಟಿರಲಿಲ್ಲ.

ಕೋಣೆಯನ್ನು ಕೆಡವುವುದಿಲ್ಲ ಎಂದು ಮಗ ಪಟ್ಟು ಹಿಡಿದರು. ಅದನ್ನು ನಾನೂ ಕೇಳಲಿಲ್ಲ, ಆ ಹುಡುಗರು ಬಾಡಿಗೆ ಕೊಟ್ಟು ಬಂದಿದ್ದಾರೆ, ಅವರನ್ನು ಎಲ್ಲಿಗೆ ಕಳಿಸುವುದು? ಕೊನೆಗೆ ಹೀಗೆ ತೀರ್ಮಾನವಾಯಿತು. ಪೂರ್ವದ ಅರ್ಧ ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ನನ್ನದು, ಬಾಗಿಲಿನ ಒಂದು ಕೀಲಿ ನನ್ನ ಹತ್ತಿರ. ಅರ್ಧ ಕಡಿಮೆಯಾದದ್ದಕ್ಕೆ ಏಪ್ರಿಲಿನಿಂದ ಬಾಡಿಗೆ 15,000. ಮೆಣಸಿನಕಾಯಿಯ ಹಣವನ್ನು ಅವರು ಕೊಡಲಿಲ್ಲ, ನಾನು ಎರಡನೆಯ ಸಲ ಕೇಳಲೂ ಇಲ್ಲ. ಕೇಳಬೇಕಿತ್ತು ಎಂದು ಮಗಳು ಇನ್ನೂ ಹೇಳುತ್ತಾಳೆ, ಅವಳ ಮಾತು ಸರಿ.

ಹೊಸ ಕರಾರು ಮಾಡಿಸಿದೆವು. ಈ ಸಲ ಷೆಡ್ಯೂಲನ್ನು ನಾನೇ ಓದಿ, ಒಂದೊಂದು ಪದ ನೋಡಿ ಸಹಿ ಮಾಡಿದೆ. ವಕೀಲರು ಕೇಳಿದ್ದ ಹಾಗೆ ಆ ಸಾಲನ್ನು ಇಲ್ಲಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು: "ಮೇಲಿನ ತಾರಸಿಯ ಪೂರ್ವ ದಿಕ್ಕಿನ ಅರ್ಧಭಾಗವು ಈ ಬಾಡಿಗೆಯ ಭಾಗವಾಗಿದ್ದು, ಆಹಾರ ಪದಾರ್ಥಗಳನ್ನು ಒಣಗಿಸಲು ಬಾಡಿಗೆದಾರರಿಗೆ ಪೂರ್ಣ ಹಕ್ಕಿರುತ್ತದೆ. ಟ್ಯಾಂಕ್ ಶುಚಿಗೊಳಿಸಲು ಮಾಲೀಕರು ಒಂದು ದಿನ ಮುಂಚಿತವಾಗಿ ತಿಳಿಸತಕ್ಕದ್ದು."

---

ಸಿವಿಲ್ ವಕೀಲ · ಮಾರ್ಚ್ 24

ಒಳ್ಳೆಯ ಸಾಲು. ನನ್ನ ಕಕ್ಷಿದಾರರಿಗೂ ಇದನ್ನೇ ಬಳಸುತ್ತೇನೆ. ಹನ್ನೊಂದು ತಿಂಗಳು ಮುಗಿದಾಗ ಹೊಸ ಪತ್ರಕ್ಕೂ ಇದೇ ಸಾಲು ಬರುವಂತೆ ನೋಡಿಕೊಳ್ಳಿ. ಬಿಸಿಲು ಸಾಕಾಗುತ್ತಿದೆಯೇ?

---

ಸಂಡಿಗೆ ಮನೆ · ಮಾರ್ಚ್ 25

ಮೂರು ಗಂಟೆಯವರೆಗೆ ಸಾಕಾಗುತ್ತದೆ. ಆಮೇಲೆ ಆ ಕೋಣೆಯ ನೆರಳು ನಿಧಾನವಾಗಿ ನನ್ನ ಬಟ್ಟೆಯ ಅಂಚಿಗೆ ಬರುತ್ತದೆ. ಅದು ಮೊದಲ ಸಾಲಿನ ಸಂಡಿಗೆಯನ್ನು ಮುಟ್ಟಿದ ಕೂಡಲೇ ನಾನೂ ಮಗಳೂ ಬಟ್ಟೆಯ ನಾಲ್ಕು ಮೂಲೆ ಹಿಡಿದು ಪಾರ್ಕಿನ ಕಡೆಗೆ ಎಳೆಯುತ್ತೇವೆ. ನಿನ್ನೆ ಆ ಹುಡುಗರಲ್ಲೊಬ್ಬ ಹೊರಗೆ ಬಂದು, "ಆಂಟಿ, ನಾನೂ ಒಂದು ಕಡೆ ಹಿಡಿಯುತ್ತೇನೆ" ಎಂದು ಹಿಡಿದ. ಇಂದು ಸಂಜೆ ಸಬ್ಬಕ್ಕಿ ಸಂಡಿಗೆಯ ಮೊದಲ ಹದವನ್ನು ಬಿಡಿಸಿ ಕೆಳಗಿನ ತಾಯಿಗೆ ಒಂದು ಡಬ್ಬಿ ಕೊಟ್ಟು ಬಂದೆ.